ಕಂಕುಳಲ್ಲಿ ಮೂವತ್ತೊಂಬತ್ತು

ಅವನಿದ್ದಾಗ ಓಣಿಯವರು ಅವನನ್ನು ಮೀಟರ್ ಮಾವ ಎನ್ನುತ್ತಿದ್ದರು. ಅಂಗಡಿಗೆ ರಿಪೇರಿಗೆ ಬಂದದ್ದು ಓವನ್ ಇರಲಿ, ಗ್ರಿಲ್ ಇರಲಿ, ಅದರ ಬಿಸಿ ಅಳೆಯುವ ಕಡ್ಡಿಯನ್ನು ತೊಳೆದು ಮೊದಲು ತನ್ನ ಕಂಕುಳಲ್ಲಿ ಅವುಚಿಕೊಳ್ಳುವನು. ಆರೋಗ್ಯವಂತನ ಮೈಬಿಸಿ ಮೂವತ್ತಾರೂವರೆ ಡಿಗ್ರಿ ತೋರಿಸಿದರೆ ಕಡ್ಡಿ ಸಾಚಾ, ಇಲ್ಲದಿದ್ದರೆ ಬುಟ್ಟಿಗೆ. ‘ದೇವರು ಕೊಟ್ಟ ಮೀಟರು, ಬ್ಯಾಟರಿ ಬೇಡ’ ಎಂದು ನಗುತ್ತಿದ್ದ.

ಆ ಬೇಸಿಗೆಯಲ್ಲಿ ಅವನ ಅಂಗಿ ಹೆಗಲಿಂದ ಜಾರುವಷ್ಟು ಸಡಿಲವಾಗಿತ್ತು. ಸಂಜೆಯಾದರೆ ಮೈಯೆಲ್ಲ ಬೆವರು. ಡಾಕ್ಟರ ಹತ್ತಿರ ಹೋಗೋಣವೆಂದು ಹೆಂಡತಿ ಗೋಗರೆದರೆ, ‘ಇದೊಂದು ಗ್ರಿಲ್ ಮುಗೀಲಿ ಕಣೇ’ ಎನ್ನುವನು. ಒಂದು ಮುಗಿದರೆ ಇನ್ನೊಂದು ಬರುತ್ತಿತ್ತು.

ಅಂದು ಬಂದದ್ದು ಹೋಟೆಲಿನವನ ಎಲೆಕ್ಟ್ರಾನಿಕ್ ಗ್ರಿಲ್. ಮಾಂಸಕ್ಕೆ ಚುಚ್ಚುವ ಕಡ್ಡಿ ಇದ್ದದ್ದಕ್ಕಿಂತ ಹೆಚ್ಚು ಬಿಸಿ ತೋರಿಸುವುದು, ಒಳಗೆ ಹಸಿಯಿರುವಾಗಲೇ ಗ್ರಿಲ್ ಆರಿಹೋಗುವುದು. ಕಡ್ಡಿ ಸಿಕ್ಕಿಸುವ ಸಾಕೆಟ್ಟಿನಲ್ಲಿ ಕೊಬ್ಬೂ ತೇವವೂ ಸೇರಿದ್ದವು. ಬೆಳಗ್ಗೆ ಅದನ್ನು ಕೆರೆದು, ಒರೆಸಿ, ಒಣಗಿಸಿದ. ಸಂಜೆ ಕಡ್ಡಿಯನ್ನು ಕಂಕುಳಿಗಿಟ್ಟ. ಪರದೆಯ ಮೇಲೆ ಮೂವತ್ತೊಂಬತ್ತು. ಅದನ್ನು ಬುಟ್ಟಿಗೆ ಎಸೆದು ಹೊಸದು ಸಿಕ್ಕಿಸಿದ. ಮೂವತ್ತೊಂಬತ್ತು. ಮತ್ತೊಂದು. ಅದೇ.

‘ಬೋರ್ಡೇ ಕೈಕೊಟ್ಟಿದೆ’ ಎಂದ.

‘ಬೇಗ ಮಾಡಿ ಮಾವ’ ಎಂದ ಬಾಗಿಲಲ್ಲಿ ನಿಂತಿದ್ದ ಹೋಟೆಲಿನವನು. ‘ನಿಮ್ಮ ಬೆವರಿನ ರುಚಿಗೇ ಇರ್ಬೇಕು, ನಮ್ಮಲ್ಲಿ ಜನ ಮುಗಿಬೀಳೋದು!’

ಹೆಂಡತಿ ನಗಲಿಲ್ಲ. ಅವನ ಹಣೆಗೆ ಒತ್ತಲೆಂದು ತಂದಿದ್ದ ಐಸ್ ನೀರಿನ ಬಟ್ಟಲನ್ನು ಮೇಜಿನ ಮೇಲಿಟ್ಟಳು.

‘ಇದ್ರಲ್ಲಿ ಅದ್ದಿ ನೋಡಿ. ಐಸ್ ನೀರು ಸುಳ್ಳು ಹೇಳಲ್ಲ ಅಂತ ಹಿಂದೆ ನೀವೇ ಹೇಳ್ತಿದ್ರಲ್ಲ.’

ಅದ್ದಿದ. ಸೊನ್ನೆ. ಎಸೆದಿದ್ದ ಎರಡನ್ನೂ ಹೆಕ್ಕಿ ಅದ್ದಿದ. ಸೊನ್ನೆ, ಸೊನ್ನೆ. ಕೆಟಲಿನಲ್ಲಿ ಕುದಿಯುವ ನೀರಿಗಿಟ್ಟರೆ ನೂರು. ಅವಳು ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡು, ತಣಿಸಿ, ತನ್ನ ಕಂಕುಳಲ್ಲಿಟ್ಟುಕೊಂಡಳು. ಪರದೆಯ ಅಂಕಿ ನಿಧಾನವಾಗಿ ಏರಿ ಮೂವತ್ತಾರೂವರೆಗೆ ನಿಂತಿತು.



ಗ್ರಿಲ್ ಬೆಳಗ್ಗೆಯೇ ಸರಿಹೋಗಿತ್ತು. ಅವನು ಅದರ ಸ್ಕ್ರೂಗಳನ್ನು ಬಿಗಿದು ಹೋಟೆಲಿನವನಿಗೆ ಒಯ್ಯಲು ಕೊಟ್ಟ. ಆಮೇಲೆ ಬುಟ್ಟಿಯನ್ನು ಮೇಜಿನ ಮೇಲೆ ಸುರಿದ. ಆ ಬೇಸಿಗೆಯ ಒಂದೊಂದು ಸಂಜೆ ಎಸೆದ ಕಡ್ಡಿಗಳು ತಂತಿಗೆ ತಂತಿ ತೊಡರಿಕೊಂಡು ರಾಶಿ ಬಿದ್ದವು.

‘ಇಷ್ಟು ಜನ ಹೇಳಿದ್ರಲ್ಲೇ’ ಎಂದ ಅವುಗಳನ್ನು ತೋರಿಸಿ.

ಅಂಗಡಿಗೆ ಬೀಗ ಹಾಕಿ, ಕೀಲಿಯನ್ನು ಅವಳ ಕೈಗೆ ಕೊಟ್ಟ. ಹಿಂದೆಂದೂ ಹಾಗೆ ಕೊಟ್ಟವನಲ್ಲ.