ಕರಿನಾಲಗಿ ಗುರವ್ವನ ಸಾಕ್ಷಿ

ಮನಗೂಳಿಯ ಆ ಓಣಿಯವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಟ್ಟುಕೊಂಡು ಬರೆಯುವುದಿಲ್ಲ. ನನ್ನ ಹೆಸರು ಕೌಸರ, ಊರು ಕೊಲ್ಹಾರ. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಲಕ್ವಾದ ಬಗ್ಗೆ ನಡೆಯುವ ಸಂಶೋಧನೆಗೆ ಮಾಹಿತಿ ಕೂಡಿಸುವ ಕೆಲಸ ನನ್ನದು. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ನರಕೋಶಗಳು ಎಷ್ಟು ಹೊತ್ತು ತಾಳುತ್ತವೆ, ಅವನ್ನು ಹೇಗೆ ಉಳಿಸಬೇಕು ಅನ್ನುವುದು ನಮ್ಮ ಡಾಕ್ಟರರ ಪ್ರಶ್ನೆ. ಜನ ಯಾಕೆ ಇಷ್ಟು ತಡ ಮಾಡಿ ಬರುತ್ತಾರೆ ಅನ್ನುವುದು ನನ್ನ ಪ್ರಶ್ನೆ. ಕೆಲವರು ಗಾಳಿ ಬಡಿಯಬಾರದೆಂದು ಕಿಟಕಿ ಬಾಗಿಲು ಮುಚ್ಚಿ ರೋಗಿಗೆ ಕಂಬಳಿ ಹೊದಿಸಿ ಕೂಡುತ್ತಾರೆ. ಕೆಲವರು ಪಾರಿವಾಳದ ರಕ್ತ ತಿಕ್ಕುತ್ತಾರೆ. ಲಕ್ವಾಕ್ಕೆ ಸೂಜಿ ಚುಚ್ಚಿಸಿದರೆ ಮನುಷ್ಯ ಉಳಿಯುವುದಿಲ್ಲ ಅನ್ನುವವರಂತೂ ಊರಿಗೆ ನೂರು ಜನ. ಅವರ ಜೊತೆ ವಾದ ಮಾಡಿ ಮಾಡಿ ನನ್ನ ಬಾಯಿ ಕೆಟ್ಟಿದೆ.

ಗುರವ್ವನ ಬಾಯಿ ಮಾತ್ರ ಹುಟ್ಟಿದಾಗಿನಿಂದಲೇ ಕೆಟ್ಟಿತ್ತಂತೆ. ಓಣಿಯವರು ಹೇಳುವುದು ಹಾಗೆ. ಗಂಡ ಸತ್ತ ಮೇಲೆ ಜೋಳದ ರೊಟ್ಟಿ ಬಡಿದು ಯಾಕೂಬಸಾಬನ ಖಾನಾವಳಿಗೆ ಕೊಟ್ಟು ಬದುಕಿದವಳು. ಕೈ ತುಂಬ ಹಿಟ್ಟು, ಬಾಯಿ ತುಂಬ ಮೆಣಸಿನಕಾಯಿ. ಅವಳದು ಕರಿನಾಲಗಿ, ಅಂದದ್ದು ಆಗಿಯೇ ತೀರುತ್ತದೆ ಅನ್ನುವುದು ಓಣಿಯ ನಂಬಿಕೆ. ಪುರಾವೆ ಕೇಳಿದರೆ ಮಾಳಿಂಗಪ್ಪನ ಮೋಟರ್‌ಸೈಕಲ್ಲಿನ ಕಥೆ ಹೇಳುತ್ತಾರೆ. ಅವನು ಯಾವುದೋ ಹಳೇ ಗಾಡಿ ಕೊಂಡು ತಂದು ಓಣಿಯಲ್ಲಿ ಮೆರೆಸಿದಾಗ ಗುರವ್ವ, "ಇದು ನಿನ್ನ ಹೊರೂದಿಲ್ಲಪಾ, ನೀನ ಇದನ್ನ ಹೊರತೀ" ಅಂದಳು. ಮರುವಾರ ಅವನು ಹೂವಿನ ಹಿಪ್ಪರಗಿ ದಾರಿಯಲ್ಲಿ ಅದನ್ನು ನೂಕುತ್ತಾ ಬಂದ. ಅದೇ ಓಣಿಯ ಶೇವಂತೆವ್ವನ ಮಗಳ ಸಂಬಂಧ ನಿಲ್ಲುವುದಿಲ್ಲ ಅಂದಳು, ನಿಲ್ಲಲಿಲ್ಲ. ವರ ಕುಡುಕ ಅನ್ನುವುದು ಓಣಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ. ಇದೇ ಜನ ತಮ್ಮ ವೈರಿಗಳ ಮೇಲೆ ಸಿಟ್ಟು ಬಂದಾಗ ಹಿತ್ತಲ ಬಾಗಿಲಿಗೆ ಬಂದು, "ಅವ್ವಾ, ಅವರಿಗೊಂದ ಮಾತ ಅಂದ ಬಿಡು" ಎಂದು ಗೋಗರೆಯುತ್ತಿದ್ದರು. ಅಂಥವರಿಗೆ ಗುರವ್ವ ಅಲ್ಲೇ ನಾಲ್ಕು ಬೈದು ಕಳಿಸುತ್ತಿದ್ದಳು.

ಅವಳ ಗೋಡೆಗೆ ಹೊಂದಿದ ಮನೆ ಸಿದ್ದಾರೂಢನದು. ಅವನ ಬಚ್ಚಲ ನೀರು ಹರಿದು ಬಂದು ಇವಳ ಒಲೆಯ ಮುಂದೆ ನಿಲ್ಲುತ್ತಿತ್ತು. ವರ್ಷಗಟ್ಟಲೆ ಅದೇ ಜಗಳ. ಅವನು ನೀರು ತಿರುಗಿಸಲಿಲ್ಲ, ಇವಳು ಬೈಯುವುದು ಬಿಡಲಿಲ್ಲ.

ಒಂದು ಮಧ್ಯಾಹ್ನ ಸಿದ್ದಾರೂಢನನ್ನು ನಮ್ಮ ಆಸ್ಪತ್ರೆಗೆ ತಂದರು. ಬಲಗೈ ಬಲಗಾಲು ಸತ್ತಿದ್ದವು, ಬಾಯಿ ಸೊಟ್ಟಗಾಗಿತ್ತು, ಮಾತು ಹೋಗಿತ್ತು. ಮನೆಯವರಿಗೆ ಬಿಟ್ಟಿದ್ದರೆ ಕಂಬಳಿಯೇ ಗತಿ. ಅವನ ತಮ್ಮ ಬಸಂತರಾಯ ಹಟ ಹಿಡಿದು ಗಾಡಿಗೆ ಹಾಕಿಸಿಕೊಂಡು ಬಂದಿದ್ದ. ತಲೆಯ ಸ್ಕ್ಯಾನ್ ಆಯಿತು, ಒಳಗೆ ರಕ್ತ ಸೋರಿರಲಿಲ್ಲ. ಹಾಗಾದರೆ ಕಟ್ಟಿಕೊಂಡ ರಕ್ತ ಕರಗಿಸುವ ಸೂಜಿ ಕೊಡಬಹುದು. ಆದರೆ ಅದನ್ನು ನಾಲ್ಕೂವರೆ ತಾಸಿನ ಒಳಗೇ ಕೊಡಬೇಕು. ಹೊತ್ತು ಮೀರಿ ಕೊಟ್ಟರೆ ಮಿದುಳಿನಲ್ಲೇ ರಕ್ತ ಸೋರುವ ಭಯ ಹೆಚ್ಚು. ಡಾಕ್ಟರ್ ರಾಜಶ್ರೀ ಅವನ ಹೆಂಡತಿ ವಿಜಯಲಕ್ಷ್ಮಿಯನ್ನು ಕೇಳಿದರು.

"ಇವರು ಆರಾಮ ಇದ್ದದ್ದನ್ನ ಕಡೀಕ ಯಾವಾಗ ನೋಡೀರಿ?"

"ಮುಂಜಾನಿ ನಾಷ್ಟಾ ಮಾಡಿ ಕುಂತಿದ್ರಿ. ನಾ ಹೊಲಕ್ಕ ಹೋದೆ. ಹೊಳ್ಳಿ ಬರೂದ್ರಾಗ ಅಂಗಳದಾಗ ಬಿದ್ದಿದ್ರಿ."

ಯಾವಾಗ ಬಿದ್ದ ಎಂದು ಗೊತ್ತಿಲ್ಲದಿದ್ದರೆ, ಕೊನೆಗೆ ಚೆನ್ನಾಗಿ ಕಂಡ ಹೊತ್ತಿನಿಂದಲೇ ಲೆಕ್ಕ. ಬೆಳಿಗ್ಗೆಯಿಂದ ಹಿಡಿದರೆ ಹೊತ್ತು ಮುಗಿದುಹೋಗಿತ್ತು. ಓಣಿಯಲ್ಲಿ ಯಾರಾದರೂ ನೋಡಿದ್ದಾರೆಯೇ ಕೇಳಿ ಎಂದರು ಡಾಕ್ಟರು. ಬಸಂತರಾಯ ಶೇವಂತೆವ್ವನಿಗೆ ಫೋನು ಹಚ್ಚಿದ. ಆಕೆ ಮನೆಮನೆಗೆ ಹೋಗಿ ಕೂಗಿ ಕೇಳಿದಳು, ಗುರವ್ವನ ಮನೆಯೊಂದನ್ನು ಬಿಟ್ಟು. ಯಾರೂ ನೋಡಿರಲಿಲ್ಲ.

ಆದರೆ ಆ ಕೂಗು ಗುರವ್ವನ ಕಿವಿಗೆ ಬಿತ್ತು. ಅವಳು ಯಾಕೂಬಸಾಬನನ್ನು ಖಾನಾವಳಿಯಿಂದ ಎಬ್ಬಿಸಿ, ಅವನ ಗಾಡಿಯ ಹಿಂದೆ ಕೂತು, ಮೊಣಕೈತನಕ ಹಿಟ್ಟು ಮೆತ್ತಿಕೊಂಡೇ ಆಸ್ಪತ್ರೆಗೆ ಬಂದಳು. ಅಷ್ಟರಲ್ಲಿ ಓಣಿಯ ಅರ್ಧ ಜನ ಅಲ್ಲಿ ನೆರೆದಿದ್ದರು.

"ನೋಡಾಕ ಬಂದ್ಯಾ? ಕಣ್ಣ ತಣ್ಣಗಾದೂವ?" ವಿಜಯಲಕ್ಷ್ಮಿ ಎದ್ದು ನಿಂತಳು.

"ನಿಮ್ಮ ಮಾರಿ ನೋಡಾಕ ನಾ ಬಂದಿಲ್ಲ. ಡಾಕ್ಟರ್ ಯಾರದಾರ?" ಅಂದಳು ಗುರವ್ವ. ಡಾಕ್ಟರರು ಮುಂದೆ ಬಂದ ಕೂಡಲೇ ಶುರುಮಾಡಿದಳು. "ಯಾಕೂಬಸಾಬ ರೊಟ್ಟಿ ಒಯ್ಯೂ ಹೊತ್ತಿನ್ಯಾಗ ನಾವಿಬ್ರೂ ಜಗಳಾಡಿವ್ರಿ. ಆವಾಗ ಕಲ್ಲಿನಂಗ ಇದ್ದಾ."

ಹೌದ್ರಿ, ಒಂದಕ್ಕೆ ಖಾನಾವಳಿಯಲ್ಲಿ ಊಟ ಶುರು, ಅದಕ್ಕಿಂತ ಚೂರು ಮೊದಲು ರೊಟ್ಟಿ ಒಯ್ದೆ, ಗಾಡಿ ತಿರುಗಿಸುವಾಗ ಇಬ್ಬರ ದನಿಯೂ ಕೇಳಿದೆ ಎಂದ ಯಾಕೂಬಸಾಬ. ನಾನು ಗಡಿಯಾರ ನೋಡಿದೆ. ಸೂಜಿಗೆ ಇನ್ನೂ ಹೊತ್ತಿತ್ತು, ಆದರೆ ಬಹಳ ಇರಲಿಲ್ಲ.

"ಮಾತು ತೊದಲತಿತ್ತೇನು?" ಡಾಕ್ಟರು ಕೇಳಿದರು.

"ತೊದಲೂದೆಲ್ಲಿ ಬಂತ್ರಿ! ಮುದುಕಿ, ನಿನ್ನ ಒಲಿ ಕಿತ್ತು ಹಳ್ಳಕ್ಕ ಒಗೀತೇನಿ ಅಂದಾ. ಒಂದಕ್ಷರ ನುಂಗಲಿಲ್ಲ."

"ಕೈ? ಎರಡೂ ಕೈ ಆಡತಿದ್ದೂವೇನು?"

ಗುರವ್ವ ಮೊದಲ ಸಲ ತಡವರಿಸಿದಳು. ಸುತ್ತ ನಿಂತವರ ಮುಖ ನೋಡಿದಳು. ಬರೀ ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಡಾಕ್ಟರು ಬಿಡಲಿಲ್ಲ. "ಬಲಗೈ ಪಕ್ಕಾ ಆಡತಿತ್ತೇನು? ನೀವು ಕಣ್ಣಾರೆ ನೋಡೀರೇನು? ತಪ್ಪಾದ್ರ ಈ ಸೂಜಿ ಜೀವಾ ತಗೊಂತೈತಿ."

"ನೋಡೇನ್ರಿ. ಬಲಗೈ ಪೂರಾ ಎತ್ತಿ ನನ್ನ ಹೊಡ್ಯಾಕ ಬಂದಾ. ಆ ಕೈ ಸೇದಿ ಹೋಗ್ಲಿ ಅಂತ ನಾನ ಬೈದೇನ್ರಿ. ಅದಕ್ಕ ಪಕ್ಕಾ ನೆನಪೈತಿ."

ಒಳಗೆ ಸತ್ತು ಬಿದ್ದದ್ದು ಅದೇ ಕೈ. ವಿಜಯಲಕ್ಷ್ಮಿ ಗುರವ್ವನ ಕೂದಲಿಗೇ ಕೈ ಹಾಕಿದಳು. "ಹೊಡದಾಕಿ ಇಕೀನರಿ! ಇಕಿ ಮಾತ ಕೇಳಿ ಸೂಜಿ ಮಾಡಬ್ಯಾಡ್ರಿ, ಪೂರಾ ಕೊಂದ ಬಿಡತಾಳ!" ನಾನು ನಡುವೆ ಹೊಕ್ಕು ಬಿಡಿಸಿದೆ. ನನ್ನ ಕೆನ್ನೆಗೂ ಒಂದು ಬಿತ್ತು.

ಒಪ್ಪಿಗೆಯ ರುಜು ಬಸಂತರಾಯ ಹಾಕಿದ. "ಸುಳ್ಳು ಹೇಳೂದಿದ್ರ ತನ್ನ ಕುತ್ತಿಗಿಗೆ ಬರೂವಂಥಾ ಸುಳ್ಳ ಹೇಳತಿದ್ಲೇನು? ಮಾಡ್ರಿ ಸೂಜಿ" ಅಂದ. ಅವತ್ತು ಆ ಮಂದಿಯಲ್ಲಿ ಬುದ್ಧಿಯ ಮಾತಾಡಿದವನು ಅವನೊಬ್ಬನೇ.

ಸೂಜಿ ಕೆಲಸ ಮಾಡಿತು. ಎಲ್ಲರಿಗೂ ಹೀಗೆ ಮಾಡುವುದಿಲ್ಲ, ಇವನಿಗೆ ಮಾಡಿತು. ಮಾರನೆಯ ದಿನ ಕಾಲು ಅಲುಗಿತು, ಆಮೇಲೆ ಮಾತು ಬಂತು, ವಾರ ಕಳೆಯುವುದರಲ್ಲಿ ಗೋಡೆ ಹಿಡಿದು ನಡೆದ. ಅವನು ನಡೆಯುತ್ತಿದ್ದಂತೆ ಓಣಿಯ ನಾಲಗೆಯೂ ನಡೆಯಿತು. ಗುರವ್ವ ಸಾಕ್ಷಿ ಹೇಳಿದ್ದರಿಂದ ಅವನು ಉಳಿದ ಎಂದು ಒಬ್ಬರೂ ಅನ್ನಲಿಲ್ಲ. ಹೊತ್ತು ಅಷ್ಟು ಬರೋಬ್ಬರಿ ಹೇಳಿದಳು ಅಂದರೆ ಲಕ್ವಾ ಹೊಡೆಸಿದವಳು ಅವಳೇ ಅಂದರು. ಅವಳು ಬಡಿದ ರೊಟ್ಟಿ ತಿನ್ನಲು ಗಿರಾಕಿಗಳು ಒಲ್ಲೆ ಅಂದರು. ಯಾಕೂಬಸಾಬ ಕೆಲವು ದಿನ ತಡೆದ, ಆಮೇಲೆ ತಲೆ ತಗ್ಗಿಸಿಕೊಂಡು ಬಂದು ನಾಳೆಯಿಂದ ಬೇಡ ಅಂದ. ಅವನ ಮೇಲೂ ನನಗೆ ಸಿಟ್ಟಿದೆ.

ಮೂರು ತಿಂಗಳಿಗೆ ರೋಗಿಯ ಮನೆಗೆ ಹೋಗಿ ನೋಡಿ ಬರುವುದು ನಮ್ಮ ಸಂಶೋಧನೆಯ ರೂಢಿ. ಹೋದೆ. ಸಿದ್ದಾರೂಢ ಅಂಗಿಯ ಗುಂಡಿ ಹಾಕಿ ತೋರಿಸಿದ, ತಂಬಿಗೆ ಎತ್ತಿದ. ಕಿರುಬೆರಳು, ಅದರ ಪಕ್ಕದ ಬೆರಳು ಮಾತ್ರ ಮಡಚುತ್ತಿರಲಿಲ್ಲ. ಯಾತಕ್ಕೆ ಹೀಗಾಯಿತು ಅಂತೀರಿ ಎಂದು ಕೇಳಿದೆ. ವಿಜಯಲಕ್ಷ್ಮಿ ಗುರವ್ವನ ಮನೆಯ ಗೋಡೆಯ ಕಡೆ ಗದ್ದ ತಿರುಗಿಸಿದಳು. ಬಿ.ಪಿ. ಗುಳಿಗೆ ತಗೊಳ್ಳುತ್ತಿದ್ದಿರೇನು ಎಂದೆ. "ರೂಢಿ ಆಗಿ ಬಿಡತಾವಂತ ಯುಗಾದಿ ಮುಂದ ಬಿಟ್ಟಿದ್ದೆರಿ" ಅಂದ ಅವನು. ಕಾರಣ ತನ್ನ ಬಾಯಿಂದಲೇ ಬಂದರೂ ಅವನಿಗೆ ಕೇಳಿಸಲಿಲ್ಲ. ಎದ್ದು, ಕಾಲೆಳೆಯುತ್ತಾ, ಗುರವ್ವನ ಬಾಗಿಲಿಗೆ ನಡೆದ. ನಾನೂ ಹಿಂದೆ ಹೋದೆ. ಹೊಸ್ತಿಲ ಹೊರಗೆ ನಿಂತು ಕೈ ಮುಗಿದ. ಎರಡು ಬೆರಳು ನೆಟ್ಟಗೆ ನಿಂತಿದ್ದವು.

"ಗುರವ್ವಾ, ಅಂದ ಮಾತ ಹಿಂದಕ್ಕ ತಗೋ. ಎರಡ ಬಟ್ಟ ಇನ್ನೂ ಮಡಚವಲ್ಲವು."

ಒಲೆಯಲ್ಲಿ ಬೆಂಕಿ ಇರಲಿಲ್ಲ. ಗುರವ್ವ ಕೂತಲ್ಲಿಂದ ಏಳಲಿಲ್ಲ. "ನಾ ಹಿಂದಕ್ಕ ತಗೊಂಡ್ರ ಮಡಚತಾವೇನು?"

"ಮಡಚತಾವ. ನಿನ್ನ ನಾಲಗಿಗೆ ತಾಕತ್ತ ಐತಿ. ಊರೆಲ್ಲಾ ನೋಡೈತಿ."

"ನನ್ನ ಗಂಡಗೂ ಇದ ಲಕ್ವಾ ಹೊಡದಿತ್ತು" ಅಂದಳು ಗುರವ್ವ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ನೀ ಆವಾಗ ಸಣ್ಣಾಂವ. ನಿಮ್ಮಪ್ಪನೇ ಮುಂದ ನಿಂತು ಕಿಡಕಿ ಮುಚ್ಚಿಸಿದ, ಸೂಜಿ ಬ್ಯಾಡ ಅಂದ. ಆ ಕತ್ತಲ್ಯಾಗ ಅವನ ತಲಿ ತೊಡಿ ಮ್ಯಾಲಿಟ್ಕೊಂಡು, ಏಳು, ಏಳು ಅಂದೆ. ಹಗಲೆಲ್ಲಾ ಅಂದೆ, ರಾತ್ರೆಲ್ಲಾ ಅಂದೆ. ಕಡೀ ಉಸರಿನತನಾ ಅದನ್ನ ಅಂದೆ. ಇದ ನಾಲಗೀಲೆ ಅಂದೆ. ಎದ್ದನೇನು ಅವ?"

ಸಿದ್ದಾರೂಢ ಮುಗಿದ ಕೈ ಇಳಿಸಲು ಮರೆತು ನಿಂತಿದ್ದ. ಬಂದ ದಾರಿಯಲ್ಲೇ ಗೋಡೆ ಹಿಡಿದು ಮನೆಗೆ ಹೋದ.

ನಾನು ಬಸ್ಸಿಗೆ ಕಾಯುತ್ತಾ ನಿಂತಾಗಲೇ ಶೇವಂತೆವ್ವ ಯಾರಿಗೋ ಹೇಳುತ್ತಿದ್ದಳು. ಪಾಪ, ಕೈ ಮುಗಿದು ಕೇಳಿದರೂ ಮಾತು ಹಿಂದಕ್ಕೆ ತಗೊಳ್ಳಲಿಲ್ಲವಂತೆ, ಎಂಥಾ ಕಲ್ಲೆದೆಯವಳು ನೋಡು ಎಂದು. ಗುರವ್ವ ಏನಂದಳು ಅನ್ನುವುದನ್ನು ಸಿದ್ದಾರೂಢ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅದಕ್ಕೇ ನಾನು ಇಲ್ಲಿ ಹೇಳಿದೆ.