ಶ್ರುತಿಪೆಟ್ಟಿಗೆ ಹಿಡಿದ ವರ್ಷ

ಹೋದ ವಾರ ಮಂಡ್ಯದ ಒಂದು ಗ್ರಂಥಿಗೆ ಅಂಗಡಿಯಲ್ಲಿ ಅತಿಮಧುರದ ಬೇರು ಕೇಳಿದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಒಣ ಸಿಹಿ ವಾಸನೆ ಮೂಗಿಗೆ ಬಡಿಯಿತು. ಪುಡಿ ಬೇಕೋ ಬೇರು ಬೇಕೋ ಎಂದು ಅವನು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ನಾನು ಆಗಲೇ ಮೂವತ್ತೈದು ವರ್ಷ ಹಿಂದಕ್ಕೆ ಹೋಗಿ, ಹುಡುಗರ ಸಾಲಿನಲ್ಲಿ ನಿಂತು, ಹಾಡಿನ ಮೇಷ್ಟ್ರ ಮುಂದೆ ಅಂಗೈ ಚಾಚಿದ್ದೆ...

ಬೇರು ಕೇಳಿದ್ದು ನನಗಲ್ಲ, ಮಗನಿಗೆ. ಹದಿಮೂರು ತುಂಬಿದೆ, ಶಾಲೆಯ ಹಾಡಿನ ತಂಡದಲ್ಲಿ ಅವನೇ ಮುಂದಾಳು. ಎಂಟು ದಿನದಿಂದ ಮೊಸರು ಮುಟ್ಟಿರಲಿಲ್ಲ, ಬಿಸಿನೀರು ಬಿಟ್ಟು ಬೇರೇನೂ ಕುಡಿದಿರಲಿಲ್ಲ, ಏನು ಕೇಳಿದರೂ ಬಾಯಿ ಬಿಡದೆ ಕತ್ತು ಆಡಿಸುತ್ತಿದ್ದ. ಹೆಂಡತಿ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದಳು. ನಮ್ಮವ್ವ ಮಾತ್ರ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆಯೆತ್ತದೆ, "ಗಂಡ್ಸಾಯ್ತಾವ್ನೆ ಕಣ್ಲಾ, ಗಂಟ್ಲು ಒಡೀತಾ ಅದೆ. ಅದ್ಕೇನ್ ಔಸ್ದಿ, ಸುಮ್ಕೆ ಬುಡು," ಎಂದಳು. ಅವ್ವ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಎನ್ನುತ್ತಾರಲ್ಲ, ಹಾಗೆ.

ಮೇಷ್ಟ್ರು ಮಳವಳ್ಳಿಯವರು, ಪೂಜೆ ಮಾಡುವ ಮನೆತನ. ಮಂಡ್ಯದಲ್ಲಿ ನಾನು ಓದುತ್ತಿದ್ದ ಮಾಧ್ಯಮಿಕ ಶಾಲೆಗೆ ಹಾಡು ಹೇಳಿಕೊಡಲು ಬರುತ್ತಿದ್ದರು. ಬಿಳಿ ಪಂಚೆ, ಮೊಣಕೈ ಸವೆದ ಕಂದು ಕೋಟು, ಕೋಟಿನ ಬಲಜೇಬಿನಲ್ಲಿ ಸದಾ ಅತಿಮಧುರದ ತುಂಡುಗಳು. ಪ್ರಾರ್ಥನೆಗೆ ಮುಂಚೆ ಪ್ರತಿಯೊಬ್ಬ ಹುಡುಗನ ಅಂಗೈ ಮೇಲೂ ಒಂದೊಂದು ಇಡುತ್ತಿದ್ದರು. ವಿಚಿತ್ರವೆಂದರೆ ನಮ್ಮ ಹಾಡಿನ ಮೇಷ್ಟ್ರು ಹಾಡುತ್ತಿರಲಿಲ್ಲ. ಪ್ರತಿ ಸಾಲನ್ನೂ ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸುವರು, ನಾವು ಹಿಡಿದುಕೊಳ್ಳಬೇಕು. ಈಜು ಬಾರದವನು ದಡದ ಮೇಲೆ ನಿಂತು ಈಜು ಕಲಿಸಿದ ಹಾಗೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಹುಡುಗರ ಬಾಯಿಗೆ ಬೀಗ ಉಂಟೆ...

ತಂಡದಲ್ಲಿ ಹನ್ನೆರಡು ಜನ. ನಾನು ಕೆರಗೋಡಿನಿಂದ ಬಸ್ಸಿಗೆ ಬರುತ್ತಿದ್ದೆ. ನನ್ನ ಹಿಂದೆ ನಿಲ್ಲುತ್ತಿದ್ದವನು ಯಲಿಯೂರಿನಿಂದ ರೈಲಿಗೆ ಬರುತ್ತಿದ್ದ. ಉದ್ದಕ್ಕೆ ಬೆಳೆದಿದ್ದ, ಮೀಸೆ ಕೂಡ ಚಿಗುರುತ್ತಿತ್ತು, ಆದರೆ ದನಿ ಇನ್ನೂ ಎಳೆಗರುವಿನದು. ಮೇಷ್ಟ್ರು ತಾವೇ ಕಟ್ಟಿದ ಒಂದು ಹಾಡಿತ್ತು, ನಮ್ಮ ಹೊಳೆಯ ಮೇಲೆ. ಅದು ಶುರುವಾಗುವುದೇ 'ತಾಯೇ' ಎಂಬ ಒಂದೇ ಪದದಿಂದ. ಆ ಪದವನ್ನು ಒಬ್ಬನೇ ಎತ್ತಿಕೊಂಡು ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲಿಸಬೇಕು, ಆಮೇಲೆ ಉಳಿದವರು ಸೇರಬೇಕು. ಆ ಒಬ್ಬ ನಾನಾಗಿದ್ದೆ. ಓದಿನಲ್ಲಿ ಅಷ್ಟಕ್ಕಷ್ಟೆ, ಆಟದಲ್ಲಿ ಸೊನ್ನೆ. ಶಾಲೆಯಲ್ಲಿ ನನಗೊಂದು ಬೆಲೆ ಅಂತ ಇದ್ದದ್ದು ಆ ಒಂದು ಪದದಿಂದ.

ಪ್ರತಿ ಸೋಮವಾರ ಬೆಳಿಗ್ಗೆ ಮೇಷ್ಟ್ರು ಒಬ್ಬೊಬ್ಬರನ್ನೇ ಸ್ವರ ಹತ್ತಿಸುತ್ತಿದ್ದರು. ಕಣ್ಣು ಮುಚ್ಚಿ ಹಾರ್ಮೋನಿಯಂ ಒತ್ತುವುದು, ಹುಡುಗ ಕೆಳಗಿನಿಂದ ಮೇಲಿನ ಷಡ್ಜದವರೆಗೆ ಹೋಗುವುದು. ಯಾರ ದನಿ ಮೇಲೆ ಹೋಗಿ ಸೀಳಿತೋ ಅವನನ್ನು ಬೈಯುತ್ತಿರಲಿಲ್ಲ. ಮೂಲೆಯಲ್ಲಿದ್ದ ಶ್ರುತಿಪೆಟ್ಟಿಗೆಯನ್ನು ತಂದು ಅವನ ತೊಡೆಯ ಮೇಲೆ ಇಡುತ್ತಿದ್ದರು. ಅವತ್ತಿನಿಂದ ಒಂದು ವರ್ಷ ಅವನು ಹಾಡುವ ಹಾಗಿಲ್ಲ, ಪಕ್ಕದಲ್ಲಿ ಕೂತು ತಿದಿ ಒತ್ತಿ ಶ್ರುತಿ ಕೊಡಬೇಕು. ಹೊಸ ದನಿ ಕೂಡಿಕೊಂಡ ಮೇಲೆ ಮೇಷ್ಟ್ರ ಮುಂದೆ ಬಂದು 'ತಾಯೇ' ಎಂದು ಒಂದು ಸಲ ಹಾಡಿ, ಪೆಟ್ಟಿಗೆಯನ್ನು ಒಪ್ಪಿಸಬೇಕು. ಇದು ಅವರ ಪದ್ಧತಿ. ನಾವು ಅದನ್ನು ಶಿಕ್ಷೆ ಎಂದೇ ತಿಳಿದಿದ್ದೆವು. "ಅವನಿಗೆ ಪೆಟ್ಟಿಗೆ ಬಿತ್ತು" ಎಂದರೆ ಅವನ ಕಥೆ ಮುಗಿಯಿತು ಎಂದು ಅರ್ಥ.

ಏಳನೇ ಕ್ಲಾಸಿಗೆ ಬಂದ ಹೊಸದರಲ್ಲೇ ಜಿಲ್ಲೆಯ ಶಾಲೆಗಳ ಹಾಡಿನ ಸ್ಪರ್ಧೆ ಮಳವಳ್ಳಿಯಲ್ಲಿ ಎಂದು ಗೊತ್ತಾಯಿತು. ಅದಕ್ಕೆ ಹದಿನೈದು ದಿನ ಇರುವಾಗ ಗದ್ದೆಯ ಬದುವಿನ ಮೇಲೆ ನಿಂತು 'ತಾಯೇ' ಎಂದೆ. ಮೇಲೆ ಹೋದ ದನಿ ಅಲ್ಲೇ ಎರಡಾಯಿತು, ಹಳೇ ಬಾಗಿಲು ಕಿರ್ರೆಂದ ಹಾಗೆ. ಮತ್ತೆ ಅಂದೆ. ಮತ್ತೆ ಹಾಗೇ. ಮೆಣಸು ಜಗಿದೆ, ಕಲ್ಲುಸಕ್ಕರೆ ಚೀಪಿದೆ, ಹಸಿ ಕೋಳಿಮೊಟ್ಟೆ ನುಂಗಿ ವಾಂತಿಯನ್ನೂ ಮಾಡಿಕೊಂಡೆ. ಒಡೆದದ್ದು ಒಡೆದೇ ಇತ್ತು.

ಯಲಿಯೂರಿನವನಿಗೆ ಮಾತ್ರ ಹೇಳಿದೆ. ಉಪಾಯ ಅವನದೇ. ಮೇಷ್ಟ್ರು ಹೇಗೂ ಕಣ್ಣು ಮುಚ್ಚಿರುತ್ತಾರೆ, ನೀನು ಬಾಯಿ ಆಡಿಸು, ನಿನ್ನ ಹಿಂದಿನಿಂದ ನಾನು ಹಾಡುತ್ತೇನೆ ಎಂದ. ಆ ಸೋಮವಾರ ಹಾಗೇ ಆಯಿತು. ನನ್ನ ಸರದಿಗೆ ಅವನು ಹಾಡಿದ, ಅವನ ಸರದಿಗೂ ಅವನೇ ಹಾಡಿದ. ಮೇಷ್ಟ್ರ ಕೈ ತಿದಿಯ ಮೇಲೆ ಒಂದು ಗಳಿಗೆ ನಿಂತ ಹಾಗಾಯಿತು, ಮತ್ತೆ ನುಡಿಸಿದರು. ಮುಂದಿನ ಸೋಮವಾರವೂ ಅಷ್ಟೆ. ಗೆದ್ದೆವು ಎಂದು ಅವನು ಬೆನ್ನಿಗೆ ಗುದ್ದಿದ. ಆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಕೆಮ್ಮುವ ಹಾಗೆ ನಟಿಸುತ್ತಿದ್ದೆ. ಆ ಹದಿನೈದು ದಿನಗಳಷ್ಟು ಉದ್ದದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ.

ಸ್ಪರ್ಧೆಯ ದಿನ ಮಂಡ್ಯದಿಂದ ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿದೆವು, ಅಲ್ಲಿಂದ ಮಳವಳ್ಳಿಗೆ ಬೇರೆ ಬಸ್ಸು. ನಿಲ್ದಾಣದ ತುಂಬ ವಡೆಯ ವಾಸನೆ. ಎಣ್ಣೆ ಪದಾರ್ಥ ಹಾಡಿದ ಮೇಲೆ ಎಂದು ಮೇಷ್ಟ್ರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಹುಡುಗರೆಲ್ಲ ಅತಿಮಧುರ ಜಗಿಯುತ್ತ ವಡೆಯ ಕಡೆ ನೋಡುತ್ತ ನಿಂತಿದ್ದಾಗ ಅವರು ನನ್ನ ಭುಜ ಹಿಡಿದು ಪಕ್ಕದ ಕಲ್ಲುಬೆಂಚಿಗೆ ಕರೆದುಕೊಂಡು ಹೋದರು. ಕೂರಿಸಿ, ಕೈಯಲ್ಲಿದ್ದ ಶ್ರುತಿಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟರು.

"ಎರಡು ಸೋಮವಾರದಿಂದ ನಿನ್ನ ಬಾಯಲ್ಲಿ ಯಲಿಯೂರಿನ ದನಿ ಬರ್ತಾ ಇದೆಯಲ್ಲಯ್ಯಾ," ಎಂದರು. "ನೀನಾಗೇ ಬಂದು ಹೇಳ್ತೀಯ ಅಂತ ಕಾದೆ."

ಅವರು ಬೈಯಲಿಲ್ಲ. ಪಕ್ಕದಲ್ಲಿ ಕೂತು, ಯಾರದೋ ಸಂಗತಿ ಹೇಳುವ ಹಾಗೆ ತಮ್ಮದನ್ನು ಹೇಳಿದರು. ಅವರೂ ಚಿಕ್ಕಂದಿನಲ್ಲಿ ದೇವಸ್ಥಾನದಲ್ಲಿ ಹಾಡುತ್ತಿದ್ದರಂತೆ, ಊರೆಲ್ಲ ಹೊಗಳುತ್ತಿತ್ತಂತೆ. ದನಿ ಒಡೆದಾಗ ಮನೆಯವರು ಬಿಡಲಿಲ್ಲ. ಇವತ್ತು ಉತ್ಸವ, ನಾಳೆ ಆರಾಧನೆ, ಇನ್ನೊಂದು ಸಲ, ಇನ್ನೊಂದು ಸಲ ಎಂದು ಅದೇ ಎತ್ತರದಲ್ಲಿ ಹಾಡಿಸಿದರು. ಆರು ತಿಂಗಳಲ್ಲಿ ಗಂಟಲು ಹೂತುಹೋಯಿತು, ದನಿ ಮತ್ತೆ ಕೂಡಿಕೊಳ್ಳಲೇ ಇಲ್ಲ. ಅದಕ್ಕೇ ಹಾರ್ಮೋನಿಯಂ.

"ಪೆಟ್ಟಿಗೆ ಕೊಡೋದು ನಿಮ್ಮನ್ನ ಹೊರಗೆ ಹಾಕೋಕಲ್ಲ ಕಣೋ. ಗಂಟಲು ಮಲಗಲಿ, ಕಿವಿ ಎದ್ದಿರಲಿ ಅಂತ. ನನಗೆ ಯಾರೂ ಕೊಡಲಿಲ್ಲ."

ಅಳು ಬಂತು. ಹೆದರಿಕೆಗಲ್ಲ. ಹದಿನೈದು ದಿನದಿಂದ ಎದೆಯ ಮೇಲೆ ಕೂತಿದ್ದ ಬೀಸುವಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಇನ್ನು ಬಾಯಿ ಆಡಿಸಬೇಕಾಗಿಲ್ಲ, ಇನ್ನು ಕೆಮ್ಮಬೇಕಾಗಿಲ್ಲ. ಪೆಟ್ಟಿಗೆ ಬಿದ್ದವನು ಇಷ್ಟು ಹಗುರಾಗುತ್ತಾನೆಂದು ನಮಗೆ ಯಾರೂ ಹೇಳಿರಲಿಲ್ಲ.

ಮಳವಳ್ಳಿಯಲ್ಲಿ ನನ್ನ ಜಾಗದಲ್ಲಿ ಯಲಿಯೂರಿನವನು ನಿಂತ. ನಾನು ಅವನ ಕಾಲ ಬುಡದಲ್ಲಿ ಕೂತು ತಿದಿ ಒತ್ತಿದೆ. ಅವನು 'ತಾಯೇ' ಎಂದು ಮೇಲೆ ಹೋಗಿ ನಿಂತ, ಉಳಿದ ಹತ್ತು ಜನ ಬಂದು ಸೇರಿದರು. ಎರಡು ವರ್ಷ ಆ ಸಾಲಿನಲ್ಲಿ ನಿಂತಿದ್ದೆನಲ್ಲ, ನನಗೆ ಕೇಳಿಸುತ್ತಿದ್ದದ್ದು ನನ್ನ ದನಿ ಮಾತ್ರ. ಎಲ್ಲರದೂ ಸೇರಿ ಹೇಗಿರುತ್ತದೆಂದು ಕೇಳಿದ್ದು ಅವತ್ತೇ ಮೊದಲು. ಬೆಳಗಿನ ನಾಲೆಯ ನೀರಿನ ಹಾಗೆ ತಿಳಿಯಾಗಿತ್ತು. ಇವರೆಲ್ಲರ ದನಿಯೂ ಇನ್ನೊಂದೆರಡು ವರ್ಷದಲ್ಲಿ ಹೋಗುತ್ತದೆ ಎಂದು ನೆನಪಾಯಿತು. ಮೇಷ್ಟ್ರ ಕಡೆ ನೋಡಿದೆ. ಅವತ್ತು ಅವರು ಕಣ್ಣು ಮುಚ್ಚಿರಲಿಲ್ಲ... ನಮಗೆ ಎರಡನೇ ಬಹುಮಾನ ಬಂತು. ವಾಪಸು ಬರುವಾಗ ಮದ್ದೂರಿನಲ್ಲಿ ನಾನು ಮೂರು ವಡೆ ತಿಂದೆ.

ಒಂದು ವರ್ಷ ಪೆಟ್ಟಿಗೆ ನನ್ನ ಬಳಿ ಇತ್ತು. ಹೊಸ ದನಿ ಬಂತು. ಆದರೆ ಎಂಥ ದನಿ! ನಮ್ಮಪ್ಪ ಎತ್ತು ಗದರಿಸುವ ದನಿಯನ್ನೇ ತಂದು ನನ್ನ ಗಂಟಲಿಗೆ ಹಾಕಿದ ಹಾಗಿತ್ತು. ಇದನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಮುಂದೆ 'ತಾಯೇ' ಎನ್ನುವುದೆ? ನಾಚಿಕೆ ಅಡ್ಡ ಬಂತು. ಊರಿನ ಹೈಸ್ಕೂಲಿಗೆ ಸೇರುವ ಮುಂಚೆ, ಅವರಿಲ್ಲದ ಹೊತ್ತು ನೋಡಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಆಮೇಲೆ ಒಮ್ಮೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಅದೇ ಕಂದು ಕೋಟು ಕಂಡಿತು. ಕೆರಗೋಡಿನ ಬಸ್ಸಿನ ಮರೆಗೆ ಸರಿದು ನಿಂತೆ. ನಾಳೆ ನೋಡೋಣ, ನಾಡಿದ್ದು ನೋಡೋಣ ಎನ್ನುತ್ತಲೇ ಮದುವೆಯಾಯಿತು, ಹಾಲಿನ ಡೇರಿಯ ಕೆಲಸ ಸಿಕ್ಕಿತು, ಆ ಎತ್ತಿನ ದನಿ ಕ್ಯಾನಿನವರನ್ನು ಕೂಗಲು ಉಪಯೋಗಕ್ಕೆ ಬಂತು. ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ ತಿಥಿಯೂ ಕಳೆದಿತ್ತು.

ಇದನ್ನೆಲ್ಲ ಮಗನಿಗೆ ಹೇಳಿದೆ. ಅತಿಮಧುರದ ತುಂಡು ಬಾಯಲ್ಲಿಟ್ಟುಕೊಂಡು ಕೇಳಿದ. ಕೊನೆಗೆ, ಎಂಟು ದಿನದ ಮೇಲೆ, ಬಾಯಿಬಿಟ್ಟ. "ವಾಪಸ್ ಬತ್ತದಾಪ್ಪ?"

ಹಳೆಯದು ಬರುವುದಿಲ್ಲ, ಬೇರೊಂದು ಬರುತ್ತದೆ, ಸುಮ್ಮನಿದ್ದರೆ ಚೆನ್ನಾಗೇ ಬರುತ್ತದೆ ಎಂದೆ.

"ನಿಂದ್ ಬಂತಾ?"

ಹಾಡಿ ನೋಡಿದ್ದರೆ ತಾನೆ ಗೊತ್ತಾಗುವುದು. ಮರುದಿನ ಬೈಕಿನಲ್ಲಿ ಯಲಿಯೂರಿಗೆ ಹೋದೆ. ಅವನು ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನನ್ನ ನಂತರ ಅವನ ದನಿಯೂ ಒಡೆದು ಕೂಡಿತ್ತು, ಮೇಷ್ಟ್ರ ಮುಂದೆ ಹಾಡಿ ಪೆಟ್ಟಿಗೆ ಒಪ್ಪಿಸಿದವನು ಅವನು. ಮೇಷ್ಟ್ರು ನಿವೃತ್ತಿಯಾಗುವಾಗ ಪೆಟ್ಟಿಗೆಯನ್ನು ಅವನಿಗೇ ಕೊಟ್ಟಿದ್ದರು. ಒಂದು ವರ್ಷಕ್ಕೆ ಬೇಕಿತ್ತು, ಮಗನಿಗೆ ಎಂದೆ. ಟವೆಲಿನಲ್ಲಿ ಸುತ್ತಿಟ್ಟಿದ್ದನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದ. ಒರೆಸುತ್ತಲೇ ಹೇಳಿದ, ಯುಗಾದಿಗೆ ಯುಗಾದಿಗೆ ಅವನು ಮೇಷ್ಟ್ರನ್ನು ನೋಡಲು ಮಳವಳ್ಳಿಗೆ ಹೋಗುತ್ತಿದ್ದನಂತೆ, ಹೋದಾಗಲೆಲ್ಲ ಅವರು ಒಂದೇ ಮಾತು ಕೇಳುತ್ತಿದ್ದರಂತೆ, ಕೆರಗೋಡಿನವನ ಗಂಟಲು ಕೂಡಿತೇ ಎಂದು. ಗೊತ್ತಿಲ್ಲ ಎಂದೇ ಹೇಳುತ್ತಿದ್ದನಂತೆ. ಹಾಸಿಗೆ ಹಿಡಿದ ವರ್ಷವೂ ಕೇಳಿದರಂತೆ.

"ಅವತ್ತು ಇಲ್ಲ ಅನ್ನಕ್ಕೆ ಮನ್ಸು ಬರ್ನಿಲ್ಲ ಕಣ್ಲಾ. ಕೂಡ್ತು ಸಾರ್, ಸನಿವಾರ ಸನಿವಾರ ಭಜನೇಲಿ ಅವ್ನೇ ಮುಂದೆ ನಿಂತು ಆಡ್ತಾನೆ ಅಂದ್ಬುಟ್ಟೆ."

"ಅದಕ್ಕೇನಂದ್ರು?"

"'ಸದ್ಯ' ಅಂದ್ರು. ಆಮೇಲೆ ಕೇಳ್ನಿಲ್ಲ."

ನನ್ನ ಪರವಾಗಿ ಅವನು ದನಿ ಕೊಟ್ಟದ್ದು ಅದು ಎರಡನೇ ಸಲ. ಈ ಸಲ ಮೇಷ್ಟ್ರು ನಂಬಿದರೋ, ನಂಬಿದ ಹಾಗೆ ಮಾಡಿದರೋ... ಅಂಗಡಿಯ ಹಿಂದಕ್ಕೆ ಹೋಗಿ ಮುಖ ತೊಳೆದುಕೊಂಡೆ.

ಸಂಜೆ ಜಗಲಿಯ ಮೇಲೆ ಪೆಟ್ಟಿಗೆಯನ್ನು ಮಗನ ತೊಡೆಯ ಮೇಲಿಟ್ಟೆ. ಶಾಲೆಯ ಮೇಡಂಗೆ ನಾನೇ ಹೇಳುತ್ತೇನೆ, ಒಂದು ವರ್ಷ ಇದು ನಿನ್ನದು ಎಂದೆ. ಶ್ರುತಿಗೆ ಮೊಬೈಲೇ ಸಾಕಲ್ಲಪ್ಪ ಎಂದು ಗೊಣಗಿದ. ಗೊಣಗಿದ್ದು ಒಡೆದ ದನಿಯಲ್ಲೇ, ಮುಚ್ಚಿಡದೆ. ಆಮೇಲೆ ತಿದಿ ಒತ್ತಿ ನೋಡಿದ. ಒಳಗಿನ ಗಾಳಿಗೆ ಹಳೇ ಮರದ ವಾಸನೆ ಇತ್ತು, ಅದರೊಳಗೆ ಎಲ್ಲೋ ಅತಿಮಧುರದ್ದೂ ಇತ್ತು ಅನ್ನಿಸಿತು.

"ಎಲ್ಲಿ, ನೀನ್ ಆಡು," ಎಂದ.

ಕಣ್ಣು ಮುಚ್ಚಿ 'ತಾಯೇ' ಎಂದೆ. ತುಂಬ ಕೆಳಗೆ ಹಿಡಿದೆ. ಮೊದಲು ನಡುಗಿತು, ಆಮೇಲೆ ಹೋಗಿ ಶ್ರುತಿಯಲ್ಲಿ ನಿಂತಿತು. ಎತ್ತಿನ ದನಿಯೇ, ಆದರೆ ನಿಂತಿತು. ಮಗ ತಿದಿ ನಿಲ್ಲಿಸಲಿಲ್ಲ. ಒಳಗಿನಿಂದ ಅವ್ವ ಯಾರ್ಲಾ ಅದು ಆಡ್ತಿರೋದು ಎಂದು ಕೇಳಿದಳು.

ಈ ಶನಿವಾರ ಭಜನೆಗೆ ಹೋಗಿದ್ದೆ. ಮುಂದೆ ನಿಲ್ಲುವ ಧೈರ್ಯವಾಗಲಿಲ್ಲ, ಹಿಂದಿನ ಸಾಲಿನಲ್ಲಿ ಕೂತು ಹಾಡಿದೆ. ಯಲಿಯೂರಿನವನ ಸುಳ್ಳು ಅರ್ಧ ನಿಜವಾಯಿತು. ಹೋಗಿ ಹೇಳಿಬರೋಣವೆಂದರೆ ಮಳವಳ್ಳಿಯಲ್ಲಿ ಈಗ ಮೇಷ್ಟ್ರಿಲ್ಲ.