ಹೊತ್ತು ಮುಳುಗುವ ಮುಂಚಿನ ಡಬ್ಬಿ

ನೀವು ನಮ್ಮ ಮನೆಗೆ ಬಂದರೆ ಅಡುಗೆಮನೆಯ ಮೇಲ್ಹಲಗೆಯಲ್ಲಿ ಮೂರು ಖಾನೆಯ ಹಿತ್ತಾಳೆ ಡಬ್ಬಿಯೊಂದನ್ನು ಕಾಣುತ್ತೀರಿ. ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿದೆ. ಹರಕೆಯ ದಾರವೆಂದು ಕೆಲವರು ಕೈಮುಗಿಯುತ್ತಾರೆ, ನಾನು ಬೇಡವೆನ್ನುವುದಿಲ್ಲ. ನಿಜವೆಂದರೆ, ಎಸ್.ಟಿ. ಬಸ್ಸಿನಲ್ಲಿ ಬರುತ್ತಿದ್ದ ಹತ್ತಾರು ಡಬ್ಬಿಗಳ ನಡುವೆ ನಮ್ಮದು ಕಂಡಕ್ಟರಿಗೆ ಗುರುತು ಸಿಗಲೆಂದು ಅವ್ವ ಕಟ್ಟಿದ್ದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನಮ್ಮೂರು ಗಡಹಿಂಗ್ಲಜದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದೆ. ಜ್ವರ ನೋಡುವುದು, ಗುಳಿಗೆ ಹಂಚುವುದು, ಚಾದರ ಬದಲಿಸುವುದು ನನ್ನ ಕೆಲಸ. ಚಾದರಗಳ ಮೇಲೆ ನನಗೇನೂ ದ್ವೇಷವಿರಲಿಲ್ಲ. ಆದರೆ ನಿವೃತ್ತಿಯವರೆಗೂ ಅವುಗಳ ಮೂಲೆಗಳನ್ನೇ ಮಡಚುತ್ತಿರಬೇಕಲ್ಲ ಎಂದು ನೆನೆದರೆ ಎದೆ ಭಾರವಾಗುತ್ತಿತ್ತು. ಅಷ್ಟರಲ್ಲಿ ಕೊಲ್ಲಾಪುರದಲ್ಲಿ ಆಪರೇಷನ್ ಥೇಟರಿನ ಕೆಲಸ ಕಲಿಸುವ ಒಂದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಾಸ್ಟೆಲಿನ ಮೆಸ್ಸಿಗೋ ಹೊತ್ತು ಮುಳುಗಿದ ಮೇಲೆಯೇ ಒಲೆಯ ನೆನಪಾಗುತ್ತಿತ್ತು. ಅವ್ವ ಒಪ್ಪಿದಳು, ಒಂದು ಕರಾರಿನ ಮೇಲೆ.

"ಸಂಜೀ ಡಬ್ಬಿ ನಾ ಕಳಸ್ತೇನಿ. ಕತ್ತಲಾದ ಮ್ಯಾಲೆ ಒಂದು ತುತ್ತು ಉಂಡಿ ಅಂತ ಗೊತ್ತಾತಂದ್ರ, ಅವತ್ತಿಗೇ ನಿನ್ನ ಸಾಲಿ ಮುಗೀತು."

ಡಬ್ಬಿ ಸಂಜೆಯ ಬಸ್ಸಿಗೆ ತುಂಬಿ ಬರುತ್ತಿತ್ತು, ಮರುದಿನ ಖಾಲಿಯಾಗಿ ಊರಿಗೆ ಮರಳುತ್ತಿತ್ತು. ತೊಡಕು ಮಂಗಳವಾರ ಮತ್ತು ಶುಕ್ರವಾರದ್ದು. ಅವು ಆಪರೇಷನ್ನಿನ ದಿನಗಳು, ಮತ್ತು ನಮ್ಮ ಡಾಕ್ಟರರು ಸೂರ್ಯನನ್ನು ಕೇಳಿ ಕೆಲಸ ಮಾಡುವವರಲ್ಲ. ನಾನು ಥೇಟರಿನಿಂದ ಹೊರಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ನೀರೂ ಕುಡಿಯದೆ ಮಲಗುತ್ತಿದ್ದೆ, ಡಬ್ಬಿ ತುಂಬಿಕೊಂಡೇ ಊರಿಗೆ ಹೋಗುತ್ತಿತ್ತು. ತುಂಬಿದ ಡಬ್ಬಿ ಕಂಡರೆ ಮಗಳು ಹಸಿದಿದ್ದಾಳೆಂದು ಬೇರೆ ತಾಯಂದಿರು ಕಳವಳಪಡುತ್ತಿದ್ದರು. ನಮ್ಮವ್ವನಿಗೆ ಹೊಳೆದದ್ದೇ ಬೇರೆ: ಮಗಳು ಮೆಸ್ಸಿನಲ್ಲಿ ರಾತ್ರಿ ಉಣ್ಣುತ್ತಿದ್ದಾಳೆ.

ಒಂದು ಶುಕ್ರವಾರ ಡಬ್ಬಿಯ ಜೊತೆ ಅವ್ವನೂ ಬಂದಳು. ನಾನು ಹೊರಬಂದಾಗ ಥೇಟರಿನ ಎದುರಿನ ಬೆಂಚಿನ ಮೇಲೆ ತೊಡೆಯಲ್ಲಿ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ದೀಪ ಹತ್ತಿದ್ದವು.

"ಟ್ರಂಕ್ ಕಟ್ಟು, ಹೋಗೂಣು. ಮೆಸ್ಸಿನ್ಯಾಗ ರಾತ್ರಿ ಉಣ್ಣಾಕತ್ತೀ ಹೌದಿಲ್ಲೋ?"

ನನ್ನ ಹಿಂದೆಯೇ ಬಂದ ಥೇಟರಿನ ಹಿರಿಯ ಸಿಸ್ಟರು, ಯಾರನ್ನೂ ಹೊಗಳಿ ಗೊತ್ತಿಲ್ಲದ ಮರಾಠಿ ಹೆಂಗಸು, ಅವ್ವನ ಬಳಿ ದೂರು ಹೇಳಿದರು: "ಬಾಈ, ಹೀ ರಾತ್ರೀ ಪಾಣೀ ಸುದ್ಧಾ ಪೀತ ನಾಹೀ!" ರಾತ್ರಿ ನೀರೂ ಮುಟ್ಟದ ಹುಡುಗಿ ಒಂದು ದಿನ ಆಪರೇಷನ್ನಿನ ನಡುವೆ ಬಿದ್ದುಗಿದ್ದರೆ ಎಂಬುದು ಅವರ ಚಿಂತೆ.

ಅವ್ವ ನನ್ನ ಮುಖವನ್ನೇ ನೋಡಿದಳು. ನನ್ನನ್ನು ಕಾಯುತ್ತ ಅವಳ ಹೊತ್ತೂ ಮುಳುಗಿಹೋಗಿತ್ತು, ಅವಳೂ ಉಂಡಿರಲಿಲ್ಲ. ಡಬ್ಬಿಯೊಳಗಿಂದ ಶೇಂಗಾ ಚಟ್ನಿಯ ವಾಸನೆ ಬರುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಸರಿಯಾಗಿ ಮಾಡಲಾಗಲಿಲ್ಲ.

"ಒಳಗ ಏನ್ ಮಾಡತಿದ್ದಿ?"

"ಒಬ್ಬಾಕಿ ಹೊಟ್ಟಿ ಕೊಯ್ದಿದ್ರವ್ವಾ. ಡಾಕ್ಟರಿಗೆ ಕತ್ತರಿ, ಚಿಮಟಾ ಕೊಡತಿದ್ನಿ."

"ಬದುಕಿದ್ಲು?"

"ಹೂಂ."

ಅವ್ವ ಡಬ್ಬಿಯ ಹಿಡಿಕೆಯ ದಾರವನ್ನು ಬಿಗಿದು ಕಟ್ಟಿದಳು. "ಮಂಗಳವಾರ, ಶುಕ್ರವಾರ ಏಕಾಶನ ಹಿಡಿ. ಡಬ್ಬಿ ಮುಂಜಾನಿ ಬಸ್ಸಿಗೆ ಬರತೈತಿ. ನಂದೂ ಏಕಾಶನ."

ಏಕಾಶನವೆಂದರೆ ದಿನಕ್ಕೆ ಒಂದೇ ಊಟದ ವ್ರತ. ಟ್ರಂಕು ಇದ್ದಲ್ಲೇ ಉಳಿಯಿತು. ಎರಡು ಊರುಗಳಲ್ಲಿ ನಾವಿಬ್ಬರೂ ಆ ದಿನಗಳಂದು ಒಂದೇ ಊಟ ಮಾಡಿ ನನ್ನ ಕೋರ್ಸನ್ನು ಮುಗಿಸಿದೆವು. ನನ್ನ ಧರ್ಮಶ್ರದ್ಧೆಯ ಖ್ಯಾತಿ ಎಷ್ಟು ಹಬ್ಬಿತೆಂದರೆ ಇಚಲಕರಂಜಿಯ ಬಟ್ಟೆ ವ್ಯಾಪಾರಿಗಳ ಮನೆಯಿಂದ ಒಂದು ಸಂಬಂಧವೂ ಬಂತು. ಹುಡುಗಿ ಆ ದಿನಗಳಲ್ಲಿ ಥೇಟರಿನೊಳಗೆ ಕೈಯಲ್ಲಿ ಏನೇನು ಹಿಡಿದು ನಿಲ್ಲುತ್ತಾಳೆಂದು ತಿಳಿದ ಮೇಲೆ ಬಂದ ದಾರಿಯಲ್ಲೇ ಹೋಯಿತು.

ಥೇಟರಿನ ಸಿಸ್ಟರಾಗಿ ಗಡಹಿಂಗ್ಲಜಕ್ಕೆ ಮರಳಿದ ಮೇಲೆ ಅವ್ವನಿಗೆ ಹೇಳಿದೆ: "ಕೋರ್ಸು ಮುಗೀತು, ಇನ್ನ ಎರಡೂ ಹೊತ್ತು ಉಣ್ಣವ್ವಾ."

"ನಿಂದು ಮುಗೀತು. ಥೇಟರಿನ್ಯಾಗ ಮಲಗಿದವ್ರದು ಮುಗದೈತೇನು?"

ಆ ಎರಡು ದಿನಗಳನ್ನು ಅವಳು ಕೊನೆಯವರೆಗೂ ಬಿಡಲಿಲ್ಲ. ಅವಳು ಹೋದ ಮೇಲೆ, ನಿವೃತ್ತಳಾದ ಮೇಲೂ, ನಾನು ಬಿಟ್ಟಿಲ್ಲ. ಇವತ್ತು ಶುಕ್ರವಾರ, ಮೇಲ್ಹಲಗೆಯಿಂದ ಡಬ್ಬಿ ಇಳಿಸಿ, ಅದರಲ್ಲೇ ಉಂಡು, ತೊಳೆದು ಬೋರಲು ಹಾಕಿದ್ದೇನೆ. ದಾರದ ಕೆಂಪು ಮಾಸಿದೆ, ಬದಲಿಸಿಲ್ಲ. ಗೋಡೆಯ ಮೇಲಿನ ಕೋರ್ಸಿನ ಸರ್ಟಿಫಿಕೇಟಿನಲ್ಲಿ ನನ್ನೊಬ್ಬಳದೇ ಹೆಸರಿದೆ. ಅದು ಅಚ್ಚಿನ ತಪ್ಪೆಂದು ತಿಳಿದು ಸುಮ್ಮನಿದ್ದೇನೆ.